ಅಡುಗೆಯ ಕಡತಕ್ಕೆ ಕಾಳೇ ಮೊದಲು

ಮನೆಯ ಅಡುಗೆಗಳನ್ನು ಕಂಪ್ಯೂಟರಿಗೆ ಏರಿಸಲು ಯಾವ ತಂತ್ರಾಂಶ ಒಳ್ಳೆಯದು ಎಂಬ ಪ್ರಶ್ನೆಗೆ ಈ ವಾರ ಉತ್ತರ ಕೊಡುತ್ತೇನೆಂದು ಹೇಳಿದ್ದೆ. ಉತ್ತರ ಚಿಕ್ಕದು. ಪ್ಯಾಪ್ರಿಕಾ ಇರಲಿ, ಮೀಲಿ ಇರಲಿ, ಬರೀ ಲಿಬ್ರೆಆಫೀಸಿನ ಕ್ಯಾಲ್ಕ್ ಹಾಳೆಯೇ ಇರಲಿ, ಮೂರು ಗುಣ ನೋಡಿ. ಕನ್ನಡದಲ್ಲಿ ಬರೆದದ್ದನ್ನು ಕನ್ನಡದಲ್ಲೇ ಹುಡುಕಿ ಕೊಡಬೇಕು. ಖಾನೆಗಳಿಗೆ ಹೆಸರಿಡುವ ಅಧಿಕಾರ ನಮ್ಮದಾಗಿರಬೇಕು. ಬೇಡವೆನಿಸಿದ ದಿನ ಎಲ್ಲವನ್ನೂ ಸಾದಾ ಪಠ್ಯವಾಗಿ ಹೊರಗೆ ತೆಗೆಯಲು ಬರಬೇಕು. ಈ ಮೂರನೆಯ ಗುಣ ಇಲ್ಲದ್ದನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಡಿ. ಕಂಪನಿ ಬಾಗಿಲು ಹಾಕಿದ ದಿನ ಅವ್ವ ಹೇಳಿಕೊಟ್ಟ ಹೋಳಿಗೆಯೂ ಅದರ ಜೊತೆ ಹೋಗುತ್ತದೆ.

ಹೆಚ್ಚು ಮಾತಾಡಬೇಕಾದದ್ದು ಎರಡನೆಯ ಗುಣದ ಬಗ್ಗೆ. ಸಿದ್ಧವಾಗಿ ಬರುವ ಎಷ್ಟೋ ಆ್ಯಪ್‌ಗಳಲ್ಲಿ ಬ್ರೇಕ್‌ಫಾಸ್ಟ್, ಸ್ಟಾರ್ಟರ್, ಮೇನ್ ಕೋರ್ಸ್, ಡೆಸರ್ಟ್ ಎಂಬ ಖಾನೆಗಳು ಮೊದಲೇ ಇರುತ್ತವೆ. ಅವನ್ನೇ ತುಂಬಿದರೆ ಸಾಕೆನ್ನುವ ಪಂಥದ ಜೊತೆ ನನ್ನ ಜಗಳ ಹಳೆಯದು. ಶಹಾಪುರದ ಮನೆಯ ಶೇಂಗಾ ಹಿಂಡಿಯನ್ನು ಇವುಗಳಲ್ಲಿ ಎಲ್ಲಿ ಇಡುತ್ತೀರಿ? ಬೆಳಗ್ಗೆ ಬಿಸಿ ರೊಟ್ಟಿಗೆ ಅದೇ, ಹೊಲಕ್ಕೆ ಕಟ್ಟಿದ ಬುತ್ತಿಯಲ್ಲಿ ಮೊಸರಿನ ಜೊತೆ ಅದೇ, ರಾತ್ರಿ ಪಲ್ಯ ಕಡಿಮೆ ಬಿದ್ದರೆ ಅದೇ. ಹೂರಣದ ಹೋಳಿಗೆಯನ್ನು ಡೆಸರ್ಟ್ ಎಂದು ಕೊನೆಗೆ ತಳ್ಳುತ್ತಾರೆ. ಹಬ್ಬದ ದಿನ ನಮ್ಮ ತಾಟಿಗೆ ಮೊದಲು ಬೀಳುವುದೇ ಅದು. ಆ ಹೂರಣಕ್ಕೆ ಬೇಳೆ ಕುದಿಸಿ ಬಸಿದ ಕಟ್ಟಿನಿಂದಲೇ ಕಟ್ಟಿನ ಸಾರು ಆಗಬೇಕು. ಒಂದೇ ಪಾತ್ರೆಯಲ್ಲಿ ಹುಟ್ಟಿದ ಎರಡರಲ್ಲಿ ಒಂದನ್ನು ಸಿಹಿಗೂ ಇನ್ನೊಂದನ್ನು ಸೂಪಿಗೂ ಹಾಕಿ ಆ್ಯಪ್ ಅಗಲಿಸಿಬಿಡುತ್ತದೆ. ಅದನ್ನು ನೋಡಿ ಹೋಳಿಗೆ ಮಾಡಿದ ಹೊಸ ಸೊಸೆ ಕಟ್ಟನ್ನು ಮೋರಿಗೆ ಚೆಲ್ಲಿದರೆ ತಪ್ಪು ಅವಳದಲ್ಲ, ಖಾನೆಯದು.

ಅಡುಗೆ ಮತ್ತು ಗಣಕದ ಸಂಬಂಧ ಮೊದಲಿನಿಂದಲೂ ಹೀಗೇ ತಪ್ಪು ದಾರಿ ಹಿಡಿದಿದೆ. 1969ರಲ್ಲಿ ಅಮೆರಿಕದ ನೀಮನ್ ಮಾರ್ಕಸ್ ಅಂಗಡಿಯ ಕ್ಯಾಟಲಾಗಿನಲ್ಲಿ ಹನಿವೆಲ್ ಕಂಪನಿಯ ‘ಕಿಚನ್ ಕಂಪ್ಯೂಟರ್’ ಬಂತು. ಬೆಲೆ 10,600 ಡಾಲರ್. ಸ್ವಿಚ್ಚು ಒತ್ತಿ, ಮಿಣುಕುವ ದೀಪಗಳನ್ನು ಓದಿ ಇವತ್ತಿನ ಊಟ ಏನೆಂದು ತಿಳಿಯಬೇಕಿತ್ತು. ಒಂದಾದರೂ ಮಾರಾಟವಾದದ್ದಕ್ಕೆ ದಾಖಲೆ ಇಲ್ಲ. ಅಡುಗೆ ಮಾಡುವವಳನ್ನು ಕೇಳದೆ ಯಂತ್ರ ಕಟ್ಟಿದವರು ಅವರು. ಖಾನೆ ಕಟ್ಟುವವರು ಇವತ್ತಿಗೂ ಕೇಳುತ್ತಿಲ್ಲ.

ಹಾಗಾದರೆ ಯಾರನ್ನು ಕೇಳಬೇಕು? ನಾನಂತೂ ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ಕ್ಕೆ ಹೋಗುತ್ತೇನೆ. ಕಲ್ಯಾಣ ಚಾಲುಕ್ಯರ ಜಯಸಿಂಹನ ಕಾಲದಲ್ಲಿ, 1025ರ ಸುಮಾರಿಗೆ, ಸಂಸಾರವಂದಿಗರಿಗೆಂದು ಕನ್ನಡದಲ್ಲಿ ಬರೆದ ಗ್ರಂಥ ಅದು. ಅದರಲ್ಲಿ ಮಳೆಯ ಲಕ್ಷಣ ಇದೆ, ನೆಲದೊಳಗಿನ ನೀರಿನ ಸೆಲೆ ಕಂಡುಹಿಡಿಯುವ ಬಗೆ ಇದೆ, ಗಿಡಮರಗಳ ಆರೈಕೆ ಇದೆ, ದನಕರುಗಳ ಮದ್ದು ಇದೆ, ಸುಗಂಧದ್ರವ್ಯ ಇದೆ, ಅದೇ ಸಾಲಿನಲ್ಲಿ ಸೂಪಶಾಸ್ತ್ರವೂ ಇದೆ. ಆತ ಅಡುಗೆಯನ್ನು ಹೊತ್ತಿನ ಲೆಕ್ಕಕ್ಕೆ ಕಟ್ಟಿಹಾಕಲಿಲ್ಲ. ಮಳೆ, ಬಾವಿ, ಬೆಳೆಗಳ ಪಕ್ಕದಲ್ಲಿ ಕೂಡಿಸಿದ. ಅದೇ ಅದರ ಸರಿಯಾದ ಜಾಗ. ಐದುನೂರು ವರ್ಷದ ಮೇಲೆ, 16ನೆಯ ಶತಮಾನದ ಆರಂಭದಲ್ಲಿ, ಹುಣಸೂರು ಸೀಮೆಯ ಕಲ್ಲಹಳ್ಳಿಯ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ಪದ್ಯದಲ್ಲಿ ಬರೆದ. ಹಿಟ್ಟಿನ ತಿನಿಸುಗಳಿಗೆ ಪಿಷ್ಟಪಾಕ ಎಂಬ ಅಧ್ಯಾಯ, ಪಾನಕಗಳಿಗೆ ಇನ್ನೊಂದು, ಬದನೆಕಾಯಿಗಂತೂ ತನ್ನದೇ ಬೇರೆ ಅಧ್ಯಾಯ. ಯಾವ ಪದಾರ್ಥ ಕೈಯಲ್ಲಿದೆಯೋ ಅದರಿಂದ ಹೊರಡು ಎನ್ನುವುದು ಅವನ ಕ್ರಮ. ಗೃಹಿಣಿಯೂ ಹಾಗೇ ಯೋಚಿಸುತ್ತಾಳೆ. ಡಬ್ಬಿಯಲ್ಲಿ ಸಜ್ಜಿಹಿಟ್ಟು ಇದೆ, ಏನು ಮಾಡಲಿ ಎನ್ನುತ್ತಾಳೆ.

ಆದ್ದರಿಂದ ನನ್ನ ಕಡತದ ಮೊದಲ ಖಾನೆ ಕಾಳು: ಜೋಳ, ಸಜ್ಜಿ, ತೊಗರಿ, ಹೆಸರು, ಕಡಲಿ, ಗೋಧಿ, ಶೇಂಗಾ, ಅಗಸಿ, ಗುರೆಳ್ಳು, ಕುಸುಬಿ, ಅಕ್ಕಿ. ಎರಡನೆಯದು ಹಬ್ಬ ಮತ್ತು ಹಂಗಾಮು. ಇಲ್ಲಿ ಇಂಗ್ಲಿಷ್ ತಿಂಗಳು ಹಾಕಬೇಡಿ. ಎಳ್ಳ ಅಮಾವಾಸ್ಯೆ ಒಂದು ವರ್ಷ ಡಿಸೆಂಬರಿನಲ್ಲಿ, ಇನ್ನೊಂದು ವರ್ಷ ಜನವರಿಯಲ್ಲಿ ಬರುತ್ತದೆ. ಹಬ್ಬದ ಹೆಸರೇ ಇರಲಿ. ಮೂರನೆಯದು, ಯಾರ ಕೈಯಿಂದ ಕಲಿತದ್ದು. ನೋಟುಬುಕ್ಕಿನಲ್ಲಿ ಒಂದು ಅಡುಗೆ ಒಂದೇ ಪುಟದಲ್ಲಿ ಇರಬೇಕು. ತಂತ್ರಾಂಶದಲ್ಲಿ ಅದೇ ಅಡುಗೆ ಏಕಕಾಲಕ್ಕೆ ಐದಾರು ಕಡೆ ಸಿಗಬಹುದು. ಕಂಪ್ಯೂಟರಿನ ನಿಜವಾದ ಉಪಕಾರ ಇದೊಂದೇ, ಮತ್ತು ಇದು ದೊಡ್ಡ ಉಪಕಾರ.

ಪುಂಡಿಪಲ್ಯದ ಚೀಟಿ ನೋಡಿ. ಕಾಳಿನ ಖಾನೆಯಲ್ಲಿ ಎರಡು ಹೆಸರು: ತೊಗರಿಬೇಳೆ, ಜೋಳದ ನುಚ್ಚು. ಬೇಳೆ ಒಂದು ಹಿಡಿ, ನುಚ್ಚು ಅದರ ಅರ್ಧ, ಸೊಪ್ಪು ಒಂದು ಸಿವುಡು. ಬೇಳೆ ನುಚ್ಚು ಮೆತ್ತಗೆ ಬೆಂದ ಮೇಲೆ ಸೊಪ್ಪು, ಹಸಿಮೆಣಸಿನಕಾಯಿ ಹಾಕಿ ಕುದಿಸಿ, ಚೆನ್ನಾಗಿ ಮಸೆದು, ಜಜ್ಜಿದ ಬಳ್ಳೊಳ್ಳಿಯ ಒಗ್ಗರಣೆ. ಎಣ್ಣೆಗೆ ಕೈ ಹಿಡಿಯಬಾರದು. ಸಿವುಡು, ಹಿಡಿ ಎಂಬ ಮಾತುಗಳನ್ನು ಹಾಗೇ ಉಳಿಸಿ, ಒಮ್ಮೆ ತಕ್ಕಡಿಗಿಟ್ಟು ಗ್ರಾಮಿನ ಲೆಕ್ಕವನ್ನು ಪಕ್ಕದಲ್ಲಿ ಬರೆಯಿರಿ. ಟಿಪ್ಪಣಿಯಲ್ಲಿ ಒಂದು ಸಾಲು: ಕೆಂಪು ದಂಟಿನ ಪುಂಡಿ ಹೆಚ್ಚು ಹುಳಿ, ಅದಕ್ಕೆ ನುಚ್ಚು ಸ್ವಲ್ಪ ಮುಂದಾಗಿರಲಿ. ಆ್ಯಪಿನಲ್ಲಿ ಎರಡು ಪಟ್ಟು, ಮೂರು ಪಟ್ಟು ಮಾಡುವ ಗುಂಡಿ ಇರುತ್ತದೆ. ಈ ಪಲ್ಯಕ್ಕೆ ಅದನ್ನು ಒತ್ತಬೇಡಿ, ಸೊಪ್ಪಿನ ಹುಳಿ ಗುಂಡಿಯ ಮಾತು ಕೇಳುವುದಿಲ್ಲ.

ಇಂಥ ಟಿಪ್ಪಣಿಗಳನ್ನು ಬರೆಸಿಕೊಳ್ಳಲು ಒಲೆಯ ಮುಂದೆಯೇ ಕೂಡಬೇಕು. ನೆರೆಮನೆಯ ಹುಡುಗಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಜೋಳದ ರೊಟ್ಟಿ ಬರೆದುಕೊಳ್ಳುತ್ತಿದ್ದಳು.

“ಅವ್ವಾ, ನೀರು ಎಷ್ಟಂತ ಬರೀಲಿ?”

“ಮೊದಲ ಹಿಟ್ಟು ಯಾವಾಗ ಬೀಸಿಸಿದ್ದು ಅಂತ ಕೇಳವ್ವ. ಹಳೀ ಹಿಟ್ಟಿದ್ರ ಜಿಗಿ ಇರೂದಿಲ್ಲ, ಎಸರು ಕಳಕಳ ಕುದೀಬೇಕು. ನಿನ್ನೆ ಬೀಸಿಸಿದ್ದಾದ್ರ ಬಿಸಿನೀರು ಸಾಕು.”

ಹುಡುಗಿ ‘ನೀರು’ ಎಂಬ ಖಾನೆಯ ಮೇಲೆ ‘ಹಿಟ್ಟು ಬೀಸಿಸಿದ ದಿನ’ ಎಂಬ ಹೊಸ ಖಾನೆ ಮಾಡಿದಳು. ಯಾವ ಆ್ಯಪಿನವರೂ ಕೊಡದ ಖಾನೆ ಅದು. ನಮ್ಮ ಹೆಣ್ಣುಮಕ್ಕಳು ಕೊಟ್ಟೇ ಕೊಡುತ್ತಾರೆ, ಕೇಳಬೇಕಷ್ಟೇ.

ಬರಹದ ಬಗ್ಗೆ ಎರಡೇ ಮಾತು. ಯುನಿಕೋಡಿಗೆ ಮೊದಲಿನ ಫಾಂಟುಗಳಲ್ಲಿ ಟೈಪಿಸಿಟ್ಟ ಅಡುಗೆಗಳು ಇದ್ದರೆ ಇಂದೇ ಪರಿವರ್ತಿಸಿಕೊಳ್ಳಿ. ನುಡಿ, ಬರಹ ಎರಡರಲ್ಲೂ ಆ ಸೌಲಭ್ಯ ಇದೆ. ಹಳೆಯ ಕಡತ ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತ; ಹುಡುಕಿದರೆ ಏನೂ ಸಿಗದು. ಇನ್ನೊಂದು, ಪರ್ಯಾಯ ಹೆಸರುಗಳಿಗೆ ಒಂದು ಖಾನೆ ಇಡಿ. ಪುಂಡಿಪಲ್ಯ, ಪುಂಡಿಪಲ್ಲೆ ಎರಡೂ ಬರೆಯುತ್ತಾರೆ. ಗುರುಮಠಕಲ್ ಕಡೆಯ ತೆಲುಗು ಮನೆಗಳಲ್ಲಿ ಅದು ಪುಂಟಿಕೂರ, ದಖ್ಖನಿ ಉರ್ದು ಆಡುವವರಲ್ಲಿ ಅಂಬಾಡಿ. ಯಾರು ಹೇಗೆ ಹುಡುಕಿದರೂ ಚೀಟಿ ಸಿಗಬೇಕು.

ಇಷ್ಟು ಹೇಳಿ, ಅಳತೆಯ ಪರಿವರ್ತನೆಗೆ ಹೋಗಬೇಕೆಂದಿದ್ದೆ. ಅದು ಮುಂದಿನ ವಾರಕ್ಕಿರಲಿ. ಕಡತವನ್ನು ಕಾಳಿನ ಪ್ರಕಾರ ಜೋಡಿಸಿ, ಅದರೊಳಗೆ ‘ಯಾರ ಕೈಯಿಂದ’ ಎಂಬುದರ ಪ್ರಕಾರ ಮತ್ತೆ ಜೋಡಿಸಿದಾಗ ಕಂಡದ್ದು ಅದಕ್ಕಿಂತ ದೊಡ್ಡದು. ಅಜ್ಜಿಯರ ಹೆಸರಿನ ಮುಂದೆ ಜೋಳ, ಸಜ್ಜಿ, ನವಣಿ, ಹುರುಳಿ. ಕುಸುಬಿಯನ್ನು ರುಬ್ಬಿ ಹಿಂಡಿದ ಹಾಲಿನ ಹುಗ್ಗಿ. ಸೊಸೆಯಂದಿರ, ಮೊಮ್ಮಕ್ಕಳ ಹೆಸರಿನ ಮುಂದೆ ಚಿತ್ರಾನ್ನ, ಪಲಾವ್, ದೋಸೆ. ರುಚಿ ಬದಲಾಯಿತೆಂದು ಸುಮ್ಮನಾಗುವ ಸಂಗತಿ ಇದಲ್ಲ. 1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿಯಿತು. ಎಡದಂಡೆ ಕಾಲುವೆ ಸುರಪುರಕ್ಕೆ, ಶಹಾಪುರ ಶಾಖಾ ಕಾಲುವೆಯ ನೀರು ಶಹಾಪುರದ ಎರೆಹೊಲಗಳಿಗೆ ಬಂತು. ಕೃಷ್ಣಾ ಮೇಲ್ದಂಡೆ ಯೋಜನೆಯ ಲೆಕ್ಕವಿದ್ದದ್ದು ಕಡಿಮೆ ನೀರಿನ ಬೆಳೆಗಳಿಗೆ. ರೈತ ಭತ್ತ ನಾಟಿದ. ಜೋಳದ ಹೊಲ ಗದ್ದೆಯಾದಂತೆ ರೊಟ್ಟಿಯ ಬುಟ್ಟಿಯ ಪಕ್ಕ ಅನ್ನದ ಬೋಗುಣಿ ಬಂತು.

ನೀರು ಬಂದದ್ದರಿಂದ ಹಸಿವು ಕಡಿಮೆಯಾಯಿತು, ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ಗುಳೆ ಹೋಗುವ ಸೀಮೆಗೆ ಕಾಲುವೆ ಏನೆಂಬುದು ಇಲ್ಲಿಯವರಿಗೇ ಗೊತ್ತು. ಆದರೆ ಮೇಲಿನವರು ಭತ್ತಕ್ಕೆ ನೀರು ಕಟ್ಟಿದರೆ ಕಾಲುವೆಯ ಕೊನೆಯವರಿಗೆ ಅದು ಮುಟ್ಟುವುದಿಲ್ಲ. ನೀರು ನಿಂತ ಎರೆಭೂಮಿ ಸವಳಾಗುತ್ತದೆ. ಆಗ ಮತ್ತೆ ಸಜ್ಜಿ, ನವಣಿಯ ಮಾತು ಬರುತ್ತದೆ, ಸಿರಿಧಾನ್ಯ ಎಂದು ಪಟ್ಟಣದಲ್ಲಿ ಪೊಟ್ಟಣ ಕಟ್ಟಿ ಮಾರುತ್ತಾರೆ. ಪೊಟ್ಟಣ ತಂದವರಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯನ್ನು ಹರಿಯದಂತೆ ಬಡಿಯುವುದು ಹೇಗೆಂದು ಹೇಳುವವರು ಬೇಕಲ್ಲ? ಬೆಳೆ ಬಿಟ್ಟವನು ಬೀಜ ಬೇರೆ ಕಡೆಯಿಂದ ತಂದಾನು. ಕೈಬಿಟ್ಟ ಅಡುಗೆಯನ್ನು ಮಾರುವ ಬೀಜದಂಗಡಿ ಎಲ್ಲೂ ಇಲ್ಲ. ಚಾವುಂಡರಾಯ ಮಳೆ, ಬಾವಿಗಳ ಜೊತೆ ಅಡುಗೆಯನ್ನು ಇಟ್ಟದ್ದರ ಅರ್ಥ ಇದೇ: ನೀರು ದಿಕ್ಕು ಬದಲಿಸಿದಾಗ ಒಲೆಯೂ ಬದಲಾಗುತ್ತದೆ, ಎರಡನ್ನೂ ಒಟ್ಟಿಗೆ ಓದಬೇಕು.

ಅದಕ್ಕೇ ಕಡತಕ್ಕೆ ಇನ್ನೊಂದು ಖಾನೆ ಸೇರಿಸಿರೆಂದು ಕೇಳುತ್ತೇನೆ: ಈ ಕಾಳು ಯಾವ ಹೊಲದ್ದು, ಮಳೆಯಾಶ್ರಿತವೋ ಕಾಲುವೆಯದ್ದೋ, ಈಗ ಸಂತೆಯಿಂದ ಬರುತ್ತಿದೆಯೋ? ಒಂದು ಮನೆಯವರು ತುಂಬಿದರೆ ಅದು ಅಡುಗೆ ಪುಸ್ತಕ. ಯಾದಗಿರಿ, ಶಹಾಪುರ, ಸುರಪುರಗಳ ನೂರಾರು ಮನೆಯವರು ತುಂಬಿದರೆ, ಯಾವ ಕೃಷಿ ಇಲಾಖೆಯ ವರದಿಯೂ ಹೇಳದ ಈ ಸೀಮೆಯ ಚರಿತ್ರೆ ಅದರಲ್ಲಿ ಇರುತ್ತದೆ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋಗುವ ಮುನ್ನ, ಭಜ್ಜಿಗೆ ಯಾವ ಯಾವ ಸೊಪ್ಪು, ಯಾವ ಯಾವ ಹಸಿಕಾಳು ಬಿದ್ದವು, ಅವು ಎಲ್ಲಿಂದ ಬಂದವು ಎಂದು ಮನೆಯ ಹಿರಿಯಳನ್ನು ಕೇಳಿ ಬರೆದಿಡಿ. ತಂತ್ರಾಂಶ ಯಾವುದಾದರೂ ಆಗಲಿ, ಆ ಪಟ್ಟಿ ಈ ವರ್ಷವೇ ಆಗಬೇಕು.