ಜಾಫ್ನಾದ ಗ್ರಂಥದಹನವೂ ಒಂದು ತಮಿಳು ಕವಿತೆಯೂ

ಲಂಕೆಯ ಜಾಫ್ನಾ ಪಟ್ಟಣದಲ್ಲಿ 1981ನೆಯ ಇಸವಿ ಮೇ ತಿಂಗಳ ಕಡೆಯಲ್ಲಿ, ಚುನಾವಣೆಯ ಸಭೆಯೊಂದರಲ್ಲಿ ಪೋಲೀಸರು ಗುಂಡಿಗೆ ಬಲಿಯಾಗಲು, ಅವರ ಸಂಗಡಿಗರು ಊರಿನ ಮೇಲೆಯೇ ಸೇಡು ತೀರಿಸಿಕೊಂಡರು. ಅಂಗಡಿಬೀದಿ ಉರಿಯಿತು, ಪುಸ್ತಕದಂಗಡಿಯೂ ‘ಈಳನಾಡು’ ಪತ್ರಿಕೆಯ ಕಾರ್ಯಾಲಯವೂ ಉರಿದುವು, ಸುಮಾರು 97,000 ಗ್ರಂಥಗಳಿದ್ದ ಸಾರ್ವಜನಿಕ ಪುಸ್ತಕಭಂಡಾರವು ಭಸ್ಮವಾಯಿತು.

ಎಂ. ಎ. ನುಹ್ಮಾನರ ‘ಬುದ್ಧರಿನ್ ಪಡುಕೊಲೈ’ ಎಂಬ ಕವಿತೆ ಈ ಅನರ್ಥವನ್ನು ಕುರಿತದ್ದು. ಅದರಲ್ಲಿ ಭಂಡಾರದ ಮೆಟ್ಟಿಲ ಮೇಲೆ ಹತನಾಗಿ ಬಿದ್ದವನು ಬುದ್ಧ. ಅವನ ಚಿತೆಗೆ ಸೌದೆ ಆ ಪುಸ್ತಕಗಳೇ. ಧಮ್ಮಪದವೂ ಅಲ್ಲಿಯೇ ಬೂದಿ. ಸುಟ್ಟವರು ಸುಟ್ಟುದು ತಮ್ಮ ಧರ್ಮವನ್ನೇ ಎಂಬುದು ಧ್ವನಿ. ಕವಿ ಇಸ್ಲಾಂ ಮತೀಯನೆಂಬುದನ್ನು ನೆನೆದರೆ ಬುದ್ಧನಿಗಾಗಿ ಮಿಡಿದ ಈ ಮರುಕವು ಇನ್ನೂ ಹಿರಿದೆನಿಸುತ್ತದೆ.

ಆದರೂ ಒಂದು ಕೊರತೆಯುಂಟು. ಧಮ್ಮಪದವು ಬೇರೆ ಊರಿನ ಅಂಗಡಿಯಲ್ಲಿ ದೊರೆಯುವುದು. ಸುಟ್ಟ ಅಂಗಡಿಯವನೂ ಸಾಲಮಾಡಿ ಮತ್ತೆ ಪುಸ್ತಕ ತುಂಬಿಯಾನು (ಆ ಸಾಲವನ್ನು ತೀರಿಸುವವರಾರೆಂಬುದು ಬೇರೆಯ ಮಾತು). ಭಂಡಾರದ ಕಟ್ಟಡವೂ ಮತ್ತೆ ಎದ್ದಿತು, ಓದುವವರು ಬಂದರು. ಪ್ರತಿಯಿಲ್ಲದ ತಾಳೆಯೋಲೆಗಳ ಗತಿ ಹಾಗಲ್ಲ. ಅಲ್ಲಿ ಅಂಥವೂ ಇದ್ದುವು. ಪುಸ್ತಕಗಳನ್ನು ಎಣಿಸಿದ ಕವಿತೆ ಆ ಓಲೆಗಳ ಮಾತನ್ನೆತ್ತದು.