ಉತ್ತರ ಬಾಗಿಲಿನಾಚೆಯ ಮೈಸೂರು

ಮೈಸೂರು ಅರಮನೆಯ ಮುಖ ಪೂರ್ವಕ್ಕೆ. ದಸರೆಯ ಜಂಬೂ ಸವಾರಿ ಊರಿಗಿಳಿಯುವುದು ಮಾತ್ರ ಉತ್ತರದ ಬಲರಾಮ ದ್ವಾರದಿಂದ. ನಂದಿಧ್ವಜಕ್ಕೆ ಪೂಜೆ ನಡೆಯುವುದು ಅಲ್ಲಿ. 750 ಕೆ.ಜಿ. ತೂಕದ ಅಂಬಾರಿ ಹೊತ್ತ ಆನೆ ಚಾಮರಾಜ ವೃತ್ತ, ಕೆ.ಆರ್. ವೃತ್ತ, ಸಯ್ಯಾಜಿರಾವ್ ರಸ್ತೆ ಹಾದು ಬನ್ನಿಮಂಟಪ ಸೇರುತ್ತದೆ. ವರ್ಷದ ಉಳಿದ ದಿನಗಳಲ್ಲಿ ಅರಮನೆ ನೋಡಲು ಬರುವವರಲ್ಲಿ ಹೆಚ್ಚಿನವರ ದಾರಿ ಇದಕ್ಕೆ ತದ್ವಿರುದ್ಧ. ದಕ್ಷಿಣದ ವರಾಹ ದ್ವಾರದಲ್ಲಿ ಟಿಕೆಟ್, ಚಪ್ಪಲಿ ಸ್ಟ್ಯಾಂಡು, ಸಾಲಿನಲ್ಲಿ ಒಂದು ಸುತ್ತು, ಮತ್ತೆ ಬಸ್ಸು. ಬೆಳಿಗ್ಗೆ ಶ್ರೀರಂಗಪಟ್ಟಣ ಮುಗಿದಿರುತ್ತದೆ. ಇನ್ನು ಝೂ, ಚಾಮುಂಡಿ ಬೆಟ್ಟ, ಫಿಲೋಮಿನಾ ಚರ್ಚು, ಸಂಜೆಗೆ ಬೃಂದಾವನ. ಬೆಂಗಳೂರಿನಿಂದ ಒಂದೇ ದಿನದಲ್ಲಿ ಹೋಗಿಬರುವವರ ಮೈಸೂರು ಇಷ್ಟೇ. ಅರಮನೆಯ ಉತ್ತರ ಗೋಡೆಯಿಂದ ಹತ್ತು ನಿಮಿಷದ ನಡಿಗೆಯೊಳಗೆ ಇರುವ ಊರಿಗೆ ಆ ಪಟ್ಟಿಯಲ್ಲಿ ಜಾಗವಿಲ್ಲ.

ನನ್ನ ತಕರಾರು ಪ್ರವಾಸಿಗಳ ಮೇಲಲ್ಲ. ರಜೆಯ ಒಂದು ದಿನದಲ್ಲಿ ಮಕ್ಕಳನ್ನು, ವಯಸ್ಸಾದವರನ್ನು ಕರೆದುಕೊಂಡು ಬಂದ ಕುಟುಂಬ ಬಸ್ಸಿನವರು ತೋರಿಸಿದ್ದನ್ನೇ ನೋಡುತ್ತದೆ. ಆ ನೋಟವನ್ನು ರೂಪಿಸುವ ಕ್ರಮವನ್ನು ಮಾತ್ರ ಒಂದು ಕೃತಿಯನ್ನು ಓದುವಂತೆ ಓದಿ ಬೆಲೆ ಕಟ್ಟಬೇಕು. ಏನನ್ನು ಆರಿಸಿದೆ, ಏನನ್ನು ಬಿಟ್ಟಿದೆ, ಬಿಟ್ಟಿದ್ದರಿಂದ ಏನಾಗಿದೆ?

ಅರಮನೆಯಿಂದಲೇ ಶುರು ಮಾಡೋಣ. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಹಳೆಯ ಮರದ ಅರಮನೆಗೆ ಬೆಂಕಿ ಬಿತ್ತು. ಶಿಮ್ಲಾದ ವೈಸ್‌ರಾಯ್ ಬಂಗಲೆಯನ್ನು ವಿನ್ಯಾಸ ಮಾಡಿದ್ದ ಹೆನ್ರಿ ಇರ್ವಿನ್ ಹೊಸದಕ್ಕೆ ನಕ್ಷೆ ಬರೆದರು. 1912ಕ್ಕೆ ಕೆಲಸ ಮುಗಿಯಿತು. ಮರ ಸುಟ್ಟ ಜಾಗದಲ್ಲಿ ಕಲ್ಲು, ಇಟ್ಟಿಗೆ, ಎರಕದ ಕಬ್ಬಿಣ ಬಂದವು. ಕಲ್ಯಾಣ ಮಂಟಪದ ಕಂಬಗಳು ಗ್ಲಾಸ್ಗೋದಲ್ಲಿ ಎರಕಗೊಂಡು ಬಂದವು. ತಲೆಯ ಮೇಲೆ ನವಿಲುಗಳ ಬಣ್ಣದ ಗಾಜಿನ ಚಾವಣಿ. ಇಲ್ಲಿಗೆ ಬಂದೊಡನೆ ಎಲ್ಲರ ಕತ್ತು ಮೇಲಕ್ಕೆ ತಿರುಗುತ್ತದೆ, ಫೋನುಗಳೂ ತಿರುಗುತ್ತವೆ. ಸಾಲು ಮುಂದಕ್ಕೆ ತಳ್ಳುತ್ತಿರುತ್ತದೆ. ಹಾಗಾಗಿ ಸುತ್ತಲಿನ ಗೋಡೆಯ ಚಿತ್ರಗಳ ಮುಂದೆ ನಿಲ್ಲುವವರು ವಿರಳ.

ನನ್ನ ಮಟ್ಟಿಗೆ ಇಡೀ ಅರಮನೆಯಲ್ಲಿ ಅತಿ ಮುಖ್ಯವಾದದ್ದು ಆ ಚಿತ್ರಗಳೇ. ಕೆ. ಕೇಶವಯ್ಯನವರೂ ಸೇರಿದಂತೆ ಮೈಸೂರಿನ ಕಲಾವಿದರು ಬರೆದ ದಸರಾ ಮೆರವಣಿಗೆ ಅದು. ಅಂಬಾರಿ ಅದರಲ್ಲಿ ಒಂದು ಭಾಗ ಮಾತ್ರ. ಕುದುರೆ ಸವಾರರು, ಪದಾತಿಗಳು, ವಾದ್ಯದವರು ಒಂದು ಚೌಕಟ್ಟಿನಿಂದ ಇನ್ನೊಂದಕ್ಕೆ ನಡೆಯುತ್ತಾ ಹೋಗುತ್ತಾರೆ. ಸಮವಸ್ತ್ರದ ಗುಂಡಿಯನ್ನೂ ಬಿಡದ ಕೈ ಅದು. ಮುಖಗಳಲ್ಲಿ ಹಲವು ಆ ಕಾಲದ ನಿಜವಾದ ವ್ಯಕ್ತಿಗಳ ಭಾವಚಿತ್ರಗಳು. ಅರಮನೆಯ ಅತ್ಯಂತ ಅಲಂಕೃತ ಸಭಾಂಗಣದ ಗೋಡೆಗಳ ಮೇಲೆ ಬೀದಿಗಿಳಿದ ಮೆರವಣಿಗೆಯನ್ನೇ ಬರೆಸಿದ್ದಾರೆ. ಒಳಗಿದ್ದವನಿಗೆ ಹೊರಗಿನ ದಾರಿ ತೋರಿಸುವ ಗೋಡೆಗಳಿವು. ಅವುಗಳ ಮುಂದೆ ಹಾದ ಸಾಲು ವರಾಹ ದ್ವಾರದಿಂದಲೇ ಹೊರಟುಹೋಗುವುದು ಈ ದರ್ಶನಕ್ರಮದ ಮೊದಲ ಸೋಲು.

ಎರಡನೆಯದು ದೀಪಾಲಂಕಾರ. ಭಾನುವಾರ ಮತ್ತು ಸರ್ಕಾರಿ ರಜಾದಿನಗಳ ಸಂಜೆ ಸುಮಾರು ಒಂದು ಲಕ್ಷ ಬಲ್ಬುಗಳು ಒಂದೇ ಕ್ಷಣದಲ್ಲಿ ಹತ್ತಿಕೊಂಡಾಗ ಬಯಲಲ್ಲಿ ಏಳುವ ಉದ್ಗಾರ ನನಗೂ ಇಷ್ಟ. ಮಕ್ಕಳು ಹೆಗಲ ಮೇಲಿಂದ ಕೂಗುತ್ತಾರೆ, ಟಿಕೆಟ್ ಇಲ್ಲದವರೂ ನೋಡಬಹುದು, ಊರಿನವರೂ ಬರುತ್ತಾರೆ. ಅದೊಂದು ಒಳ್ಳೆಯ ಹಬ್ಬ. ಆದರೆ ಬಲ್ಬುಗಳು ಬರೆಯುವುದು ಅಂಚುಗಳನ್ನಷ್ಟೇ. ಕಮಾನಿನ ಆಳ, ಬೂದುಗಲ್ಲಿನ ಒರಟು, ಗುಮ್ಮಟಗಳ ಕೆಂಪು, ಇವೆಲ್ಲ ಆ ಹೊತ್ತಿನಲ್ಲಿ ಅಳಿದು ಹೋಗಿ ಹೊರಗೆರೆ ಮಾತ್ರ ಉಳಿಯುತ್ತದೆ. ಮೈಸೂರೆಂದರೆ ಕಣ್ಣ ಮುಂದೆ ಬರುವ ಚಿತ್ರ ಇದೇ ಆಗಿಬಿಟ್ಟಿದೆ: ಕ್ಯಾಲೆಂಡರಿನಲ್ಲಿ, ಸಿಹಿತಿಂಡಿಯ ಡಬ್ಬದ ಮೇಲೆ, ಪ್ರವಾಸೋದ್ಯಮದ ಜಾಹೀರಾತಿನಲ್ಲಿ. ಕಟ್ಟಡವೆಂದರೆ ಹೊರಗೆರೆ ಎಂದು ಕಲಿತ ಕಣ್ಣು ದೀಪವಿಲ್ಲದ ಕಟ್ಟಡವನ್ನು ಹಾಳುಬಿದ್ದ ಗೋಡೆಯೆಂದು ದಾಟಿ ಹೋಗುತ್ತದೆ.

ಈಗ ಬಲರಾಮ ದ್ವಾರದಿಂದ ಹೊರಗೆ ಬರೋಣ. ಅಮೃತಶಿಲೆಯ ಚಾಮರಾಜೇಂದ್ರ ಒಡೆಯರ್ ಎದುರಿಗೆ. ಸ್ವಲ್ಪ ಮುಂದೆ ಹೋದರೆ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಪ್ರತಿಮೆಯ ಕೆ.ಆರ್. ವೃತ್ತ. ಪಕ್ಕಕ್ಕೆ ದೊಡ್ಡ ಗಡಿಯಾರ, ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ 1927ರಲ್ಲಿ ಅರಮನೆಯ ನೌಕರರು ಕಟ್ಟಿಸಿದ 75 ಅಡಿಯ ಗೋಪುರ. ಕತ್ತೆತ್ತಿ ಅದರ ಮುಖ ನೋಡಿ: ಅಂಕಿಗಳು ಕನ್ನಡದವು. ರಾಜ್ಯದ ಹೆಚ್ಚಿನ ಗಡಿಯಾರ ಗೋಪುರಗಳಲ್ಲಿ ಕಾಣದ ಈ ಸಂಗತಿಯನ್ನು ಅದರ ನೆರಳಲ್ಲೇ ಬಸ್ಸು ಕಾಯುವವರಿಗೂ ಯಾರೂ ಹೇಳಿಕೊಟ್ಟಿಲ್ಲ. ಅದರಾಚೆ 1884ರ ರಂಗಾಚಾರ್ಲು ಪುರಭವನ. 1881ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆ ಶುರುವಾದದ್ದು ಯಾರ ದಿವಾನಗಿರಿಯಲ್ಲೋ ಆ ದಿವಾನರ ಹೆಸರಿನ ಮನೆ ಅದು. ಸಿಂಹಾಸನದ ಚಿನ್ನದ ತೂಕ ಕೇಳುವ ಪ್ರವಾಸಿಗೆ ಈ ಕಟ್ಟಡವನ್ನೂ ತೋರಿಸಿದರೆ, ಅರಸೊತ್ತಿಗೆ ಇದ್ದ ಕಾಲದಲ್ಲೇ ಇಲ್ಲಿ ಪ್ರಜೆಗಳ ಪ್ರತಿನಿಧಿಗಳು ಕೂತು ಮಾತಾಡಿದರೆಂಬ ಕಥೆಯೂ ಅವನಿಗೆ ಸಿಗುತ್ತಿತ್ತು. ನಮ್ಮ ಗೈಡುಗಳ ಮಾತಿನಲ್ಲಿ ಚಿನ್ನಕ್ಕಿರುವ ಸ್ಥಾನ ಈ ಸಭೆಗೆ ಇಲ್ಲ.

ಜಗನ್ಮೋಹನ ಅರಮನೆಗೆ ಹೋಗುವವರಿದ್ದಾರೆ. ಅದನ್ನು 1861ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಕಟ್ಟಿಸಿದ್ದು. 1902ರಲ್ಲಿ ವೈಸ್‌ರಾಯ್ ಕರ್ಜನ್ ಸಮ್ಮುಖದಲ್ಲಿ ನಾಲ್ವಡಿಯವರಿಗೆ ಅಧಿಕಾರ ಹಸ್ತಾಂತರವಾದದ್ದು ಅಲ್ಲೇ. ಹೋದವರು ಅಲ್ಲಿ ಕಲಾವಿದ ಹಲ್ದಣಕರರ ದೀಪ ಹಿಡಿದ ಹೆಣ್ಣಿನ ಚಿತ್ರದ ಮುಂದೆ ಒಂದಿಷ್ಟು ಹೊತ್ತು ನಿಂತು ಬರುತ್ತಾರೆ. ಅಷ್ಟಾದರೂ ಆಗುತ್ತಿದೆ.

ದೇವರಾಜ ಮಾರುಕಟ್ಟೆಯ ವಿಷಯ ಹಾಗಲ್ಲ. ಬೆಳಿಗ್ಗೆ ಏಳರ ಹೊತ್ತಿಗೆ ಒಳಗೆ ಕಾಲಿಟ್ಟರೆ ಮೊದಲು ಬರುವುದು ವಾಸನೆ: ಮಲ್ಲಿಗೆ, ಹಸಿ ವೀಳ್ಯದೆಲೆ, ತುಸು ಮುಂದೆ ಮಾಗಿದ ಬಾಳೆ. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ, ಮೂರಕ್ಕೂ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. ಅವುಗಳನ್ನು ಬೆಳೆಯುವ ನೆಲಕ್ಕೂ ಈ ಊರಿಗೂ ಇರುವ ನಂಟು ಕಣ್ಣಿಗೆ ಕಾಣುವುದು ಇದೇ ಕಟ್ಟೆಗಳ ಮೇಲೆ. ಹೂವಿನ ಸಾಲಿನಲ್ಲಿ ಮೊಳ ಅಳೆಯುವ ಕೈ ನೋಡುತ್ತಾ ನಿಲ್ಲಿ: ನಾರಿನ ಒಂದು ತುದಿ ಕಾಲ್ಬೆರಳಿಗೆ ಸಿಕ್ಕಿಸಿ, ಗಿರಾಕಿಯ ಜೊತೆ ಮಾತಾಡುತ್ತಲೇ ಕಟ್ಟುತ್ತಾರೆ, ಕಣ್ಣು ಹೂವಿನ ಮೇಲಿರುವುದೇ ಇಲ್ಲ. ಕುಂಕುಮದ ಗೋಪುರಗಳ ಫೋಟೋ ತೆಗೆಯಲು ವಿದೇಶದವರು ಇಲ್ಲಿಗೆ ತಪ್ಪದೆ ಬರುತ್ತಾರೆ. ನಮ್ಮವರ ಬಸ್ಸು ಬರುವುದಿಲ್ಲ. ಮಾರುಕಟ್ಟೆ ತಾನೇ, ನಮ್ಮೂರಲ್ಲೂ ಇದೆಯಲ್ಲ ಎಂಬ ಉತ್ತರ ಸಿದ್ಧವಾಗಿರುತ್ತದೆ. ಅರಮನೆಯ ಅಡುಗೆಮನೆಯಲ್ಲಿ ಕಾಕಾಸುರ ಮಾದಪ್ಪನವರು ಮಾಡಿದ ಮೈಸೂರು ಪಾಕು ಅವರ ವಂಶದವರ ಅಂಗಡಿಯ ಮೂಲಕ ಈ ಮಾರುಕಟ್ಟೆಯ ಅಂಚಿಗೇ ಬಂದು ನಿಂತಿದೆ. ಅರಮನೆ ಮತ್ತು ಪೇಟೆ ಒಂದೇ ಊರಿನ ಎರಡು ಮುಖ ಎನ್ನಲು ಇದಕ್ಕಿಂತ ರುಚಿಯಾದ ಪುರಾವೆ ಬೇಡ.

ಮಾರುಕಟ್ಟೆಯ ಎದುರು ಚಿಕ್ಕ ಗಡಿಯಾರ, ವೈಸ್‌ರಾಯ್ ಡಫರಿನ್ ಭೇಟಿಯ ನೆನಪಿನದು. ಅದರ ಇನ್ನೊಂದು ಮಗ್ಗುಲಿಗೆ ಲ್ಯಾನ್ಸ್‌ಡೌನ್ ಕಟ್ಟಡ. 1892ರಲ್ಲಿ ವೈಸ್‌ರಾಯ್ ಲ್ಯಾನ್ಸ್‌ಡೌನ್ ಬಂದುಹೋದ ಗುರುತಿಗೆ ಎದ್ದ, ಕೆಳಗೆ ಅಂಗಡಿ ಸಾಲು, ಮೇಲೊಂದು ಅಂತಸ್ತಿನ ವಾಣಿಜ್ಯ ಕಟ್ಟಡ. ಮೈಸೂರಿನ ಎಷ್ಟೋ ವಿದ್ಯಾರ್ಥಿಗಳು ಹಳೆಯ ಪಠ್ಯಪುಸ್ತಕ ಕೊಂಡದ್ದು, ವರ್ಷ ಮುಗಿದ ಮೇಲೆ ಮಾರಿದ್ದು ಇಲ್ಲಿನ ಅಂಗಡಿಗಳಲ್ಲಿ. 2012ರ ಆಗಸ್ಟ್‌ನಲ್ಲಿ ಅದರ ಒಂದು ಭಾಗ ಕುಸಿದು ನಾಲ್ವರು ಸತ್ತರು. ನಾಲ್ಕು ವರ್ಷದ ನಂತರ, ಮತ್ತೆ ಆಗಸ್ಟ್‌ನಲ್ಲೇ, ದುರಸ್ತಿ ನಡೆಯುತ್ತಿದ್ದಾಗ ದೇವರಾಜ ಮಾರುಕಟ್ಟೆಯ ಉತ್ತರದ ತುದಿ ಬಿತ್ತು. ಕೆಡವಿ ಹೊಸದಾಗಿ ಕಟ್ಟಬೇಕೆಂಬವರು ಒಂದು ಕಡೆ, ಇದ್ದದ್ದನ್ನೇ ಉಳಿಸಬೇಕೆಂಬವರು ಇನ್ನೊಂದು ಕಡೆ. ವಾದ ಹೈಕೋರ್ಟಿನ ಮೆಟ್ಟಿಲೇರಿತು.

ಗಾರೆಯ ಗೋಡೆ, ಮರದ ತೊಲೆಯ ಮೇಲಿನ ತಾರಸಿ ವರ್ಷವರ್ಷವೂ ಕೈಯಾಡಿಸಿದರೆ ಮಾತ್ರ ಬಾಳುತ್ತವೆ. ಮಳೆಗಾಲಕ್ಕೆ ಮುಂಚೆ ತಾರಸಿಯ ಬಿರುಕು ಮುಚ್ಚಬೇಕು, ಸಂದಿಯಲ್ಲಿ ಬೇರು ಬಿಟ್ಟ ಅರಳಿಯನ್ನು ಎಳೆಯದಾಗಿರುವಾಗಲೇ ಕೀಳಬೇಕು, ನೀರು ಹೋಗುವ ಕೊಳವೆ ಕಟ್ಟಿಕೊಳ್ಳದಂತೆ ನೋಡಬೇಕು. ಇದು ಬಡಗಿಯ, ಗಾರೆಯವನ ಕೆಲಸ. ದೊಡ್ಡ ಹಣವೇನೂ ಬೇಡುವುದಿಲ್ಲ. ಬೇಡುವುದು ಗಮನವನ್ನು. ಗಮನ ಎಲ್ಲಿ ಸಿಗುತ್ತದೋ ಅಲ್ಲಿ ಹಣವೂ ಸಿಗುತ್ತದೆ ಎಂಬುದಕ್ಕೆ ಅರಮನೆಯೇ ಸಾಕ್ಷಿ. ಅಲ್ಲಿ ಟಿಕೆಟ್ಟಿನ ಹಣವಿದೆ, ಅದನ್ನು ನೋಡಿಕೊಳ್ಳಲು ಅರಮನೆ ಮಂಡಳಿ ಇದೆ. ಮಾರುಕಟ್ಟೆ ಮಹಾನಗರ ಪಾಲಿಕೆಯದು. ಅದರ ಆದಾಯ ಮಳಿಗೆಗಳ ಬಾಡಿಗೆ. ಮೈಸೂರಿಗೆ ಬರುವ ಪ್ರವಾಸಿಯ ಒಂದು ರೂಪಾಯಿಯೂ ಈ ತಾರಸಿಯ ಬಿರುಕಿಗೆ ತಲುಪುವ ವ್ಯವಸ್ಥೆ ಇಲ್ಲ. ನೋಡುವವರ ಕಾಲು ಬೀಳದ ಕಡೆ ಪಾಲಿಕೆಯ ಕಣ್ಣೂ ಬೀಳಲಿಲ್ಲ ಎಂದು ನಾನು ಹೇಳುವುದು ಇದನ್ನೇ. ಬಿದ್ದ ಗೋಡೆಗೆ ಪ್ರವಾಸದ ಪಟ್ಟಿ ಬರೆದವರು ಕಾರಣರಲ್ಲ, ಆದರೆ ಆ ಗೋಡೆಗೆ ಬೆಲೆ ಇಲ್ಲವೆಂದು ದಿನಾ ಹೇಳುತ್ತಾ ಬಂದವರಲ್ಲಿ ಅವರೂ ಇದ್ದಾರೆ.

ಹಳೆಯ ಮುಖದ ಅಚ್ಚಿನಲ್ಲೇ ಕಾಂಕ್ರೀಟಿನಲ್ಲಿ ಮತ್ತೆ ಕಟ್ಟಿದರೆ ಏನು ನಷ್ಟ ಎಂಬ ಪ್ರಶ್ನೆ ನ್ಯಾಯವಾದದ್ದೇ. ಅಪಾಯದ ಚಾವಣಿಯ ಕೆಳಗೆ ಕೂತು ವ್ಯಾಪಾರ ಮಾಡಿ ಎಂದು ಯಾರಿಗೂ ಹೇಳಲಾಗದು, ಸತ್ತ ನಾಲ್ವರನ್ನು ಮರೆತು ಕಮಾನಿನ ಚೆಲುವನ್ನು ಹೊಗಳಲೂ ಆಗದು. ಆದರೂ ನಾನು ಉಳಿಸುವವರ ಪಕ್ಷ. ಬಲಪಡಿಸಿ ಉಳಿಸಬಹುದಾದ ಭಾಗವನ್ನು ಬಲಪಡಿಸಬೇಕು, ಬಿದ್ದದ್ದನ್ನು ಗಾರೆ ಬಲ್ಲವರ ಕೈಯಲ್ಲಿ ಕಟ್ಟಿಸಬೇಕು, ಕೆಲಸ ನಡೆಯುವಷ್ಟು ದಿನ ವ್ಯಾಪಾರಿಗಳಿಗೆ ಗಿರಾಕಿ ಬರುವಂಥ ಕಡೆ ಜಾಗ ಕೊಡಬೇಕು. ಹೊರಗೆರೆಯನ್ನಷ್ಟೇ ಉಳಿಸಿ ಒಳಗನ್ನು ಬದಲಿಸುವುದು ಬಲ್ಬಿನ ಅರಮನೆಯನ್ನೇ ಹಗಲಲ್ಲಿ ಕಟ್ಟಿದಂತೆ.

ದಸರೆಯ ದಿನ ಮೆರವಣಿಗೆ ಕಾಣಲು ಜನ ಇದೇ ಬೀದಿಗಳ ಹಳೆಯ ಕಟ್ಟಡಗಳ ಮೇಲೆ ಹತ್ತುತ್ತಾರೆ. ಶಿಥಿಲ ಕಟ್ಟಡ ಹತ್ತಬೇಡಿ ಎಂದು ಆಡಳಿತ ಎಚ್ಚರಿಸುತ್ತದೆ. ಎಚ್ಚರಿಕೆ ಸರಿ. ಉಳಿದ ದಿನಗಳಿಗೆ ಇನ್ನೂ ಸರಳವಾದದ್ದೊಂದನ್ನು ಮಾಡಬಹುದು. ಬೆಳಗಿನ ಮೊದಲ ಒಂದು ಗಂಟೆ ಮಾರುಕಟ್ಟೆ, ಅಲ್ಲಿಂದ ಚಿಕ್ಕ ಗಡಿಯಾರ, ಕೆ.ಆರ್. ವೃತ್ತ, ದೊಡ್ಡ ಗಡಿಯಾರ, ಪುರಭವನ, ಆಮೇಲೆ ಬಲರಾಮ ದ್ವಾರದಲ್ಲೇ ಟಿಕೆಟ್. ಮೆರವಣಿಗೆಯ ದಾರಿಯನ್ನು ತಿರುಗಿ ನಡೆದರೆ ಕಲ್ಯಾಣ ಮಂಟಪದ ಚಿತ್ರಗಳ ಮುಂದೆ ಬಂದು ನಿಂತವನಿಗೆ ಆ ಬೀದಿಯ ಪರಿಚಯ ಆಗಲೇ ಆಗಿರುತ್ತದೆ. ಟಿಕೆಟ್ಟಿನಲ್ಲಿ ಒಂದು ಪಾಲನ್ನು ಮಾರುಕಟ್ಟೆಯ ತಾರಸಿಗೆಂದು ತೆಗೆದಿಡಲು ಅರಮನೆ ಮಂಡಳಿ ಮತ್ತು ಪಾಲಿಕೆ ಒಂದೇ ಮೇಜಿನ ಸುತ್ತ ಕೂತರೆ ಸಾಕು. ವರ್ಷಕ್ಕೆ 30 ಲಕ್ಷಕ್ಕೂ ಹೆಚ್ಚು ಜನ ಬರುವ ಕಡೆ ಆ ಪಾಲು ತಲೆಗೆ ಎರಡು ರೂಪಾಯಿ ಆದರೂ ವರ್ಷಕ್ಕೆ 60 ಲಕ್ಷ ದಾಟುತ್ತದೆ.