ಎಂಜಿನಿನ ನಂಬರು, ಮನುಷ್ಯನ ಹೆಸರು

ಛಾಯಾಚಿತ್ರವು ಕಲೆಯೋ ಅಲ್ಲವೋ ಎಂಬ ಚರ್ಚೆ ಹಳೆಯದು. ಅದರ ಗೋಜಿಗೆ ಇಲ್ಲಿ ಹೋಗಬೇಕಾಗಿಲ್ಲ. ಆದರೆ ಛಾಯಾಚಿತ್ರಗಳಲ್ಲಿಯೇ ಒಂದು ಜಾತಿಯುಂಟು. ಅದನ್ನು ಕಲೆಯೆಂದು ಕರೆಯಲು ರಸಿಕರು ಇಂದಿಗೂ ಹಿಂದೆಮುಂದೆ ನೋಡುತ್ತಾರೆ. ಅದು ರೈಲುಬಂಡಿಯ ಚಿತ್ರ. ಹಳಿಯ ಪಕ್ಕದಲ್ಲಿ ಕ್ಯಾಮರಾ ಹಿಡಿದು ಗಂಟೆಗಟ್ಟಲೆ ಕಾಯುವವನನ್ನು ಕಂಡು ದಾರಿಹೋಕರು ನಗುತ್ತಾರೆ. ವಿಮರ್ಶಕರೋ, ಅಂಚೆಚೀಟಿ ಕೂಡಿಹಾಕುವವರ ಸಾಲಿನಲ್ಲಿ ಅವನನ್ನು ಕೂರಿಸಿ ಮುಂದೆ ನಡೆಯುತ್ತಾರೆ. ಈ ತೀರ್ಪು ಎಷ್ಟರಮಟ್ಟಿಗೆ ನ್ಯಾಯವಾದುದು ಎಂಬುದೇ ಇಲ್ಲಿ ವಿಚಾರ ಮಾಡಬೇಕಾದ ಸಂಗತಿ.

ಅಮೆರಿಕದಲ್ಲಿ ಈ ಹವ್ಯಾಸಕ್ಕೆ ಒಂದು ಪರಂಪರೆಯೇ ಬೆಳೆದಿದೆ. ವಿಸ್ಕಾನ್ಸಿನ್ ಸಂಸ್ಥಾನದ ಮ್ಯಾಡಿಸನ್ ನಗರದಲ್ಲಿ ಜಾನ್ ಗ್ರೂಬರ್ ಎಂಬ ಛಾಯಾಗ್ರಾಹಕರು ೧೯೯೭ರಲ್ಲಿ ರೈಲ್ವೆ ಛಾಯಾಗ್ರಹಣ ಮತ್ತು ಕಲೆಗಾಗಿಯೇ ಒಂದು ಕೇಂದ್ರವನ್ನು ಸ್ಥಾಪಿಸಿದರು. ಅದು ಹಳೆಯ ಛಾಯಾಗ್ರಾಹಕರ ನೆಗೆಟಿವುಗಳನ್ನು ಕಾಪಾಡುತ್ತದೆ, ಪತ್ರಿಕೆ ಹೊರಡಿಸುತ್ತದೆ, ಪ್ರದರ್ಶನಗಳನ್ನು ಏರ್ಪಡಿಸುತ್ತದೆ. ಷಿಕಾಗೋ ನಗರದ ಉತ್ತರಕ್ಕಿರುವ ಲೇಕ್ ಫಾರೆಸ್ಟ್ ಕಾಲೇಜಿನಲ್ಲಿ ಅದು ನಡೆಸಿಕೊಂಡು ಬಂದಿರುವ ಸಮ್ಮೇಳನಕ್ಕೆ ಈ ವಲಯದಲ್ಲಿ ಒಳ್ಳೆಯ ಹೆಸರಿದೆ. ಇದಲ್ಲದೆ ಊರೂರಿನಲ್ಲಿ ಸಣ್ಣಪುಟ್ಟ ಕೂಟಗಳೂ ಸೇರುತ್ತವೆ. ಆ ದೇಶದಲ್ಲಿರುವ ಬಂಧುಗಳ ಮನೆಗೆ ಹೋಗಿದ್ದಾಗ ಅಂಥದೊಂದು ಸಣ್ಣ ಕೂಟದಲ್ಲಿ ಬೆಳಗಿನಿಂದ ಸಂಜೆಯವರೆಗೆ ಕುಳಿತಿರುವ ಅವಕಾಶ ನನಗೆ ದೊರೆಯಿತು.

ಕೂಟದ ಕ್ರಮ ಬಹು ಸರಳ. ದೀಪ ಆರಿಸುತ್ತಾರೆ. ಒಬ್ಬರಾದ ಮೇಲೊಬ್ಬರು ತಮ್ಮ ಚಿತ್ರಗಳನ್ನು ತೆರೆಯ ಮೇಲೆ ತೋರಿಸುತ್ತ ನಾಲ್ಕು ಮಾತು ಹೇಳುತ್ತಾರೆ. ನಡುವೆ ಕಾಫಿ, ಊಟ, ಹಳೆಯ ಪುಸ್ತಕಗಳ ಮೇಜು. ನೆರೆದವರಲ್ಲಿ ನರೆತ ತಲೆಗಳೇ ಹೆಚ್ಚು. ರೈಲ್ವೆಯಲ್ಲಿ ದುಡಿದು ನಿವೃತ್ತರಾದವರೂ ಇದ್ದರು. ಅವರ ಶ್ರದ್ಧೆಯನ್ನು ಕಂಡು ನನಗೆ ಗಮಕ ವಾಚನಕ್ಕೆ ಬಂದು ಕುಳಿತ ನಮ್ಮ ಹಿರಿಯರ ನೆನಪಾಯಿತು. ಪದ್ಯದ ಮೊದಲ ಅಕ್ಷರ ಕೇಳಿದೊಡನೆ ಮುಂದಿನದನ್ನು ತಾವೇ ಗುನುಗುವ ಜನ ಅವರು. ಇಲ್ಲಿಯೂ ಹಾಗೆಯೇ. ತೆರೆಯ ಮೇಲೆ ಎಂಜಿನಿನ ಮೂತಿ ಕಾಣಿಸಿತೋ ಇಲ್ಲವೋ, ಭಾಷಣಕಾರ ಬಾಯಿ ತೆರೆಯುವ ಮೊದಲೇ ನನ್ನ ಪಕ್ಕದ ವೃದ್ಧರು ಅದರ ವರ್ಗ, ಚಕ್ರಗಳ ಲೆಕ್ಕ, ನಂಬರು ಎಲ್ಲವನ್ನೂ ಪಿಸುಗುಟ್ಟುತ್ತಿದ್ದರು. ಒಂದು ಚಿತ್ರದಲ್ಲಿ ಎಂಜಿನಿನ ಮುಂದೆ ಮೂವರು ಕೆಲಸಗಾರರು ನಿಂತಿದ್ದರು. ಮೈಯೆಲ್ಲ ಮಸಿ, ಕೈಯಲ್ಲಿ ಬುತ್ತಿಯ ಡಬ್ಬಿ. ಇವರು ಯಾರೆಂದು ನಾನು ಕೇಳಿದೆ. ವೃದ್ಧರು ಕ್ಷಣಕಾಲ ಸುಮ್ಮನಿದ್ದು, ಎಂಜಿನನ್ನು ಯಾವ ವರ್ಷ ಗುಜರಿಗೆ ಹಾಕಿದರೆಂಬುದನ್ನು ಹೇಳಿದರು.

ಇದನ್ನು ಹಾಸ್ಯಕ್ಕಾಗಿ ಹೇಳುತ್ತಿಲ್ಲ. ರೈಲು ಛಾಯಾಗ್ರಹಣದ ಶಕ್ತಿ, ದೌರ್ಬಲ್ಯ ಎರಡೂ ಆ ಉತ್ತರದಲ್ಲಿದ್ದುವೆಂದು ನನಗೆ ತೋರುತ್ತದೆ. ವಸ್ತುವಿನ ಮೇಲಿನ ಅಷ್ಟು ಪ್ರೀತಿ ಇಲ್ಲದಿದ್ದರೆ ಈ ಸಾವಿರಾರು ಚಿತ್ರಗಳು ಹುಟ್ಟುತ್ತಲೇ ಇರಲಿಲ್ಲ. ಆದರೆ ವಸ್ತುವಿನಲ್ಲಿಯೇ ನಿಂತುಬಿಟ್ಟ ಪ್ರೀತಿ ಚಿತ್ರವನ್ನು ದಾಖಲೆಯ ಮಟ್ಟದಿಂದ ಮೇಲಕ್ಕೆ ಏರಗೊಡುವುದಿಲ್ಲ.

ಮೊದಲು ಈ ಹವ್ಯಾಸದ ಕವಿಸಮಯವನ್ನು ನೋಡೋಣ. ಲೂಷಿಯಸ್ ಬೀಬಿ ಎಂಬ ಪತ್ರಕರ್ತ ೧೯೩೮ರಲ್ಲಿ ‘ಹೈ ಐರನ್’ ಎಂಬ ಪುಸ್ತಕವನ್ನು ಪ್ರಕಟಿಸಿದ. ಮುಂದೆ ಚಾರ್ಲ್ಸ್ ಕ್ಲೆಗ್ ಎಂಬುವನ ಜೊತೆಗೂಡಿ ಇನ್ನೂ ಅನೇಕ ರೈಲು ಪುಸ್ತಕಗಳನ್ನು ಹೊರತಂದ. ಇವನಿಗೆ ಮೆಚ್ಚಾದ ಭಂಗಿ ಒಂದೇ: ಬಂಡಿ ಓರೆಯಾಗಿ ನಮ್ಮತ್ತ ಧಾವಿಸುತ್ತಿರಬೇಕು, ಎಂಜಿನಿನ ಮುಖವೂ ಪಕ್ಕವೂ ಒಟ್ಟಿಗೆ ಕಾಣಬೇಕು, ಬಿಸಿಲು ಚಕ್ರಗಳ ಮೇಲೆ ಬೀಳಬೇಕು, ಮೇಲೆ ಹೊಗೆಯ ಜುಟ್ಟು ಹಾರಬೇಕು. ಬೆಣೆಯ ಆಕಾರದ ಈ ಚಿತ್ರ ಒಂದು ಪೀಳಿಗೆಗೇ ಮಾದರಿಯಾಯಿತು. ನಮ್ಮ ಚಂಪೂ ಕವಿಗಳ ಅಷ್ಟಾದಶ ವರ್ಣನೆಗಳಿಗೆ ಒದಗಿದ ಗತಿಯೇ ಇದಕ್ಕೂ ಒದಗಿತು. ಸಮುದ್ರವನ್ನೇ ಕಾಣದ ಕವಿ ಸಮುದ್ರವನ್ನು ವರ್ಣಿಸಿದ ಹಾಗೆ, ಬಂಡಿ ಎಲ್ಲಿಂದ ಬಂತು, ಯಾರನ್ನು ಹೊತ್ತು ಬಂತು, ಯಾವ ಊರನ್ನು ಹಾದುಹೋಯಿತು ಎಂಬುದನ್ನು ಕೇಳದೆಯೇ ಜನ ಚಿತ್ರ ತೆಗೆದರು. ಆ ದಿನ ನೋಡಿದ ಚಿತ್ರಗಳಲ್ಲಿಯೂ ಅರ್ಧದಷ್ಟು ಇದೇ ಎರಕದವು. ಮೊದಲನೆಯದು ಸೊಗಸು, ಐದನೆಯದು ಪರಿಚಿತ, ಐವತ್ತನೆಯದಕ್ಕೆ ಕಣ್ಣು ತಾನಾಗಿಯೇ ಕೂರುತ್ತದೆ.

ಈ ಎರಕವನ್ನು ಒಡೆದವರಲ್ಲಿ ಮುಖ್ಯನಾದವನು ಓ. ವಿನ್‌ಸ್ಟನ್ ಲಿಂಕ್. ೧೯೧೪ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಹುಟ್ಟಿದ ಇವನು ಓದಿದ್ದು ಎಂಜಿನಿಯರಿಂಗ್, ಹಿಡಿದದ್ದು ಜಾಹೀರಾತು ಛಾಯಾಗ್ರಹಣದ ವೃತ್ತಿ. ೧೯೫೫ರ ಜನವರಿಯಲ್ಲಿ ಕೆಲಸದ ಮೇಲೆ ವರ್ಜೀನಿಯಾಕ್ಕೆ ಹೋದವನು ನಾರ್‌ಫೋಕ್ ಅಂಡ್ ವೆಸ್ಟರ್ನ್ ರೈಲ್ವೆಯ ಉಗಿಬಂಡಿಗಳನ್ನು ಕಂಡ. ದೇಶದ ದೊಡ್ಡ ರೈಲ್ವೆಗಳೆಲ್ಲ ಡೀಸೆಲ್ಲಿಗೆ ತಿರುಗುತ್ತಿದ್ದ ಕಾಲ ಅದು. ಆದರೆ ಈ ರೈಲ್ವೆಯ ಮುಖ್ಯ ಸರಕೇ ಕಲ್ಲಿದ್ದಲು. ರೋನೋಕ್ ಪಟ್ಟಣದ ಸ್ವಂತ ಕಾರ್ಖಾನೆಯಲ್ಲಿ ತನ್ನ ಎಂಜಿನುಗಳನ್ನು ತಾನೇ ಕಟ್ಟಿಕೊಳ್ಳುತ್ತಿತ್ತು. ಆದುದರಿಂದ ಉಗಿಯನ್ನು ಕೊನೆಯವರೆಗೆ ಹಿಡಿದುಕೊಂಡಿತ್ತು. ಆ ಕೊನೆ ೧೯೬೦ರಲ್ಲಿ ಬಂದಿತು. ಅಷ್ಟರೊಳಗೆ ಲಿಂಕ್ ಸುಮಾರು ೨,೪೦೦ ನೆಗೆಟಿವುಗಳನ್ನು ತೆಗೆದಿದ್ದ. ಬಂಡಿಗಳ ಸದ್ದನ್ನೂ ಧ್ವನಿಮುದ್ರಿಸಿ ಗ್ರಾಮಫೋನ್ ತಟ್ಟೆಗಳಾಗಿ ಹೊರತಂದ.

ಇವನ ಪ್ರಸಿದ್ಧ ಚಿತ್ರಗಳಲ್ಲಿ ಹೆಚ್ಚಿನವು ರಾತ್ರಿಯವು. ಸೂರ್ಯನನ್ನು ಬೇಕಾದಲ್ಲಿ ನಿಲ್ಲಿಸುವುದು ಆಗದು, ದೀಪವನ್ನು ನಿಲ್ಲಿಸಬಹುದು. ಇದು ಅವನ ತರ್ಕ. ಹಳಿಯ ಉದ್ದಕ್ಕೂ, ಮರದ ಮೇಲೆ, ಮನೆಯ ಮೂಲೆಯಲ್ಲಿ ಹತ್ತಾರು ಫ್ಲಾಷ್ ಬಲ್ಬುಗಳನ್ನು ಕಟ್ಟಿ, ತಂತಿ ಎಳೆದು, ಬಂಡಿ ಬಂದ ಆ ಒಂದು ಕ್ಷಣದಲ್ಲಿ ಎಲ್ಲವನ್ನೂ ಒಟ್ಟಿಗೆ ಹೊತ್ತಿಸುತ್ತಿದ್ದ. ತಪ್ಪಿದರೆ ಮತ್ತೆ ಅವಕಾಶವಿಲ್ಲ. ಬಂಡಿ ಹಿಂದಕ್ಕೆ ಬರುವುದಿಲ್ಲ. ೧೯೫೬ರ ಆಗಸ್ಟಿನಲ್ಲಿ ಪಶ್ಚಿಮ ವರ್ಜೀನಿಯಾದ ಐಯೇಗರ್ ಎಂಬ ಊರಿನಲ್ಲಿ ತೆಗೆದ ಚಿತ್ರವೊಂದಕ್ಕೆ ೪೩ ಬಲ್ಬುಗಳು ಬೇಕಾದುವು. ಕಾರಿನಲ್ಲಿ ಕುಳಿತೇ ಸಿನಿಮಾ ನೋಡುವ ಬಯಲು ಚಿತ್ರಮಂದಿರ ಅದು. ಮುಂದಿನ ಕಾರಿನಲ್ಲಿ ಒಂದು ತರುಣ ಜೋಡಿ. ಎದುರಿನ ಬಿಳಿಯ ತೆರೆಯ ಮೇಲೆ ಜೆಟ್ ವಿಮಾನ. ಆಚೆ ಕಪ್ಪು ಆಕಾಶಕ್ಕೆ ಬಿಳಿಯ ಹೊಗೆ ಉಗುಳುತ್ತ ಓಡುತ್ತಿರುವ ಉಗಿಬಂಡಿ. ಹೋಗುವ ಯುಗ, ಬರುವ ಯುಗ, ಎರಡರ ಪರಿವೆಯೂ ಇಲ್ಲದ ಯೌವನ, ಮೂರೂ ಒಂದೇ ಚೌಕಟ್ಟಿನಲ್ಲಿ ಬಂದಿವೆ. ಇದು ಧ್ವನಿ. ಎಂಜಿನಿನ ನಂಬರು ಗೊತ್ತಿಲ್ಲದವನಿಗೂ ಇದು ಮುಟ್ಟುತ್ತದೆ.

ಲಿಂಕನ ಬೇರೆ ಚಿತ್ರಗಳಲ್ಲಿಯೂ ಇದೇ ಗುಣವನ್ನು ಕಾಣಬಹುದು. ಒಂದರಲ್ಲಿ ಮನೆಯೊಂದರ ನಡುಮನೆ. ಒಳಗೆ ಹೆಂಗಸೊಬ್ಬಳು ಕುಳಿತಿದ್ದಾಳೆ, ಕಿಟಕಿಯಾಚೆ ಬಂಡಿ ಹೋಗುತ್ತಿದೆ. ಇನ್ನೊಂದರಲ್ಲಿ ಹೊಳೆಯಲ್ಲಿ ಮಕ್ಕಳು ಈಜುತ್ತಿದ್ದಾರೆ, ಸೇತುವೆಯ ಮೇಲೆ ಬಂಡಿ ಹಾಯುತ್ತಿದೆ. ಅವರ ಸಂಸಾರದ ಜೊತೆಗೇ ಅದೂ ನಡೆಯುತ್ತದೆ, ಗಡಿಯಾರದ ಹಾಗೆ. ಲಿಂಕ್ ತನ್ನ ಚಿತ್ರಗಳಲ್ಲಿರುವ ಅನೇಕರ ಹೆಸರು, ಊರು, ದಿನಾಂಕಗಳನ್ನು ಬರೆದಿಟ್ಟಿದ್ದಾನೆ ಎಂಬುದು ನನ್ನ ದೃಷ್ಟಿಯಲ್ಲಿ ಸಣ್ಣ ಸಂಗತಿಯಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ಇದೆಲ್ಲ ಕೃತಕವಲ್ಲವೇ? ಜನರನ್ನು ಬೇಕಾದಂತೆ ಕೂರಿಸಿದ್ದಾನೆ, ದೀಪ ಹಾಕಿದ್ದಾನೆ. ಆ ಜೆಟ್ ವಿಮಾನವಾದರೂ ನಿಜವಾಗಿ ಅಲ್ಲಿ ಮೂಡಿದ್ದಲ್ಲ. ಫ್ಲಾಷಿನ ಬೆಳಕಿಗೆ ತೆರೆ ಬರಿದಾಗಿ ಕಂಡದ್ದರಿಂದ ಆಮೇಲೆ ಕತ್ತಲೆಕೋಣೆಯಲ್ಲಿ ಸೇರಿಸಿದ್ದು. ಆಕ್ಷೇಪ ನಿಜ. ಆದರೆ ಭರತನು ಲೋಕಧರ್ಮಿ, ನಾಟ್ಯಧರ್ಮಿ ಎಂದು ಎರಡು ಬಗೆಯನ್ನು ಹೇಳಿದ್ದಾನಷ್ಟೆ. ಲಿಂಕನದು ನಾಟ್ಯಧರ್ಮಿ. ರಂಗವನ್ನು ಕಟ್ಟಿಯೇ ಅವನು ಸತ್ಯವನ್ನು ತೋರಿಸುತ್ತಾನೆ. ಅವನ ದೋಷ ಬೇರೆಯದು: ಎಲ್ಲವೂ ಅದ್ಭುತರಸದಲ್ಲಿ ಮಿಂದಿರುವುದರಿಂದ, ಆ ಗಣಿನಾಡಿನ ಬಡತನವೂ ದುಡಿಮೆಯ ಬೇಸರವೂ ಮಿಂಚಿನ ಬೆಳಕಿನಲ್ಲಿ ಮರೆಯಾಗುತ್ತವೆ.

ಅದನ್ನು ಕಾಣಬೇಕಾದರೆ ಜ್ಯಾಕ್ ಡೆಲಾನೋ ಎಂಬುವನ ಬಳಿಗೆ ಹೋಗಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೨-೪೩ರಲ್ಲಿ, ಅಮೆರಿಕದ ಸರಕಾರ ಇವನನ್ನು ರೈಲ್ವೆಗಳ ಚಿತ್ರ ತೆಗೆಯಲು ಕಳುಹಿಸಿತು. ಇವನು ಷಿಕಾಗೋದ ಯಾರ್ಡುಗಳಲ್ಲಿ ಅಲೆದ; ಗೂಡ್ಸ್ ಬಂಡಿಗಳಲ್ಲಿ ಕುಳಿತು ಕ್ಯಾಲಿಫೋರ್ನಿಯಾದವರೆಗೆ ಹೋದ. ಅಯೋವಾದ ಕ್ಲಿಂಟನ್ ಎಂಬಲ್ಲಿ ೧೯೪೩ರ ಏಪ್ರಿಲಿನಲ್ಲಿ ತೆಗೆದ ಇವನ ಬಣ್ಣದ ಚಿತ್ರವೊಂದಿದೆ. ಎಂಜಿನುಗಳನ್ನು ಒರೆಸಿ ತೊಳೆಯುವ ಕೆಲಸದ ಹೆಂಗಸರು ತಲೆಗೆ ವಸ್ತ್ರ ಕಟ್ಟಿಕೊಂಡು ಮೇಜಿನ ಸುತ್ತ ಕುಳಿತು ಮಧ್ಯಾಹ್ನದ ಊಟ ಮಾಡುತ್ತಿದ್ದಾರೆ. ಚಿತ್ರದಲ್ಲಿ ಎಂಜಿನು ಇಲ್ಲವೇ ಇಲ್ಲ. ಆದರೂ ಇದಕ್ಕಿಂತ ಒಳ್ಳೆಯ ರೈಲ್ವೆ ಚಿತ್ರವನ್ನು ನಾನು ನೋಡಿಲ್ಲ. ಗಂಡಸರು ಯುದ್ಧಕ್ಕೆ ಹೋದಾಗ ಬಂಡಿಗಳನ್ನು ನಡೆಸಿದ ಕೈಗಳು ಯಾವುವು ಎಂಬುದನ್ನು ಅದು ಒಂದು ನೋಟದಲ್ಲಿ ಹೇಳುತ್ತದೆ. ಡೆಲಾನೋ ಕೂಡ ಅನೇಕ ಕೆಲಸಗಾರರ ಹೆಸರುಗಳನ್ನು ಚಿತ್ರದ ಅಡಿಯಲ್ಲಿ ಬರೆದ. ಆ ದೇಶದ ಕಾಂಗ್ರೆಸ್ ಗ್ರಂಥಾಲಯದಲ್ಲಿ ಅವು ಸಾರ್ವಜನಿಕರಿಗೆ ಸಿಕ್ಕುತ್ತವೆ.

ಹೆಸರಿಗೆ ಇಷ್ಟು ಬೆಲೆ ಏಕೆಂದು ಕೇಳುವವರು ಇನ್ನೂ ಹಿಂದಕ್ಕೆ ಹೋಗಬೇಕು. ೧೮೬೯ರ ಮೇ ೧೦ರಂದು ಯೂಟಾ ಪ್ರಾಂತದ ಪ್ರಾಮಂಟರಿ ಎಂಬಲ್ಲಿ, ಪೂರ್ವದಿಂದ ಬಂದ ಹಳಿಯೂ ಪಶ್ಚಿಮದಿಂದ ಬಂದ ಹಳಿಯೂ ಕೂಡಿದುವು. ಆ್ಯಂಡ್ರೂ ರಸೆಲ್ ತೆಗೆದ ಆ ದಿನದ ಚಿತ್ರ ಅಮೆರಿಕದ ಶಾಲಾಮಕ್ಕಳಿಗೂ ಗೊತ್ತು: ಎರಡು ಎಂಜಿನುಗಳು ಎದುರುಬದುರು, ನಡುವೆ ಕೈಕುಲುಕುವ ಎಂಜಿನಿಯರರು, ಮೇಲೆತ್ತಿದ ಮದ್ಯದ ಸೀಸೆಗಳು. ಎಂಜಿನುಗಳ ಗುರುತು ಚರಿತ್ರೆಗೆ ಚೆನ್ನಾಗಿ ತಿಳಿದಿದೆ: ಒಂದು ‘ಜೂಪಿಟರ್’, ಇನ್ನೊಂದು ೧೧೯ನೆಯ ನಂಬರಿನದು. ಆದರೆ ಪಶ್ಚಿಮದ ಹಳಿಗಾಗಿ ಸಿಯೆರ್ರಾ ಬೆಟ್ಟಗಳನ್ನು ಕೊರೆದವರಲ್ಲಿ ಬಹುಪಾಲು ಚೀನೀ ಕೂಲಿಗಳು. ಆ ಪ್ರಸಿದ್ಧ ಚಿತ್ರದಲ್ಲಿ ಅವರ ಮುಖಗಳು ಎದ್ದು ಕಾಣುವುದಿಲ್ಲ. ಇದನ್ನು ಮನಸ್ಸಿಗೆ ಹಚ್ಚಿಕೊಂಡ ಕಾರ್ಕಿ ಲೀ ಎಂಬ ಚೀನೀ ಮೂಲದ ಅಮೆರಿಕನ್ ಛಾಯಾಗ್ರಾಹಕ, ೧೪೫ ವರ್ಷಗಳ ಅನಂತರ, ೨೦೧೪ರಲ್ಲಿ, ಆ ಕೂಲಿಗಳ ವಂಶಸ್ಥರನ್ನು ಅದೇ ಸ್ಥಳದಲ್ಲಿ ನಿಲ್ಲಿಸಿ ಚಿತ್ರ ತೆಗೆದ. ಅದನ್ನು ಚಿತ್ರದ ರೂಪದಲ್ಲಿ ಬರೆದ ವಿಮರ್ಶೆ ಎನ್ನಬೇಕು. ಹಳೆಯ ಕೃತಿ ಎಲ್ಲಿ ಮೌನವಾಗಿತ್ತೋ ಅಲ್ಲಿ ಅದು ಮಾತನಾಡಿತು.

ಹಾಗಾದರೆ ಆ ಕೂಟದ ಬಗ್ಗೆ ಏನು ಹೇಳಬೇಕು? ಅದನ್ನು ಹಗುರವಾಗಿ ಕಾಣುವುದು ನ್ಯಾಯವಲ್ಲ. ಎಂಜಿನಿನ ನಂಬರು ತಿಳಿದ ವೃದ್ಧರು ಇಲ್ಲದಿದ್ದರೆ ಚಿತ್ರ ಯಾವ ವರ್ಷದ್ದು, ಯಾವ ಊರಿನದು ಎಂದು ಗೊತ್ತುಮಾಡುವವರು ಯಾರು? ಪ್ರತಿಗಳನ್ನು ಹೋಲಿಸಿ, ಕಾಲವನ್ನು ನಿರ್ಣಯಿಸುವ ಗ್ರಂಥಸಂಪಾದಕರ ಕೆಲಸ ಅವರದು. ಆದರೆ ಸಂಪಾದನೆ ಮುಗಿದ ಮೇಲೆ ಕಾವ್ಯವನ್ನು ಓದುವವರು ಬೇಕಷ್ಟೆ. ಇಡೀ ದಿನದಲ್ಲಿ ಎಂಜಿನಿನ ವೇಗ, ಬಣ್ಣ, ತಯಾರಿಕೆಗಳ ಬಗ್ಗೆ ಎದ್ದ ಪ್ರಶ್ನೆಗಳಿಗೆ ಲೆಕ್ಕವಿರಲಿಲ್ಲ. ಚಿತ್ರ ಏಕೆ ಚೆನ್ನಾಗಿದೆ ಎಂದು ಕೇಳಿದವರು ಇಬ್ಬರೋ ಮೂವರೋ. ಆ ಇಬ್ಬರು ಮೂವರಿಗಾಗಿ ಮಿಕ್ಕವರನ್ನು ಸಹಿಸಬಹುದು.

ಇದನ್ನೆಲ್ಲ ನಾವೇಕೆ ತಿಳಿಯಬೇಕು ಎನ್ನುವ ವಾಚಕರಿಗೆ ಒಂದು ಮಾತು. ನಮ್ಮಲ್ಲಿ ಚಿತ್ತರಂಜನದ ಕಾರ್ಖಾನೆ ಉಗಿ ಎಂಜಿನು ಕಟ್ಟುವುದನ್ನು ನಿಲ್ಲಿಸಿದ್ದು ೧೯೭೨ರಲ್ಲಿ. ಉಗಿ ಹೋಯಿತು, ಈಗ ವಿದ್ಯುತ್ತಿಗೆ ದಾರಿಬಿಟ್ಟು ಡೀಸೆಲ್ಲೂ ಹಿಂದೆ ಸರಿಯುತ್ತಿದೆ. ಎಷ್ಟೋ ಕಡೆ ಗೇಟುಗಳು ಹೋಗಿ ಕೆಳಸೇತುವೆಗಳು ಬಂದಿವೆ, ಅವುಗಳೊಂದಿಗೆ ಗೇಟಿನವನ ಗುಡಿಸಲೂ ಹೋಗಿದೆ. ಮೈಸೂರಿನಲ್ಲಿ ೧೯೭೯ರಲ್ಲಿ ಸ್ಥಾಪನೆಯಾದ ರೈಲ್ವೆ ವಸ್ತುಸಂಗ್ರಹಾಲಯವಿದೆ. ಮಹಾರಾಣಿಯವರ ಸಲೂನು ಅಲ್ಲಿಯ ಹೆಮ್ಮೆ. ಅದನ್ನು ನೋಡಿದವನು ಒಳಗೆ ಕುಳಿತವರನ್ನು ಊಹಿಸಿಕೊಳ್ಳಬಲ್ಲ. ಹಳಿ ಹಾಸಿದವರನ್ನು, ಕಲ್ಲಿದ್ದಲು ತೋಡಿದವರನ್ನು, ನಡುರಾತ್ರಿ ಲಾಂದ್ರ ಹಿಡಿದು ನಿಂತ ಪಾಯಿಂಟ್ಸ್‌ಮನ್ನನನ್ನು ಊಹಿಸಿಕೊಳ್ಳಲು ಕಬ್ಬಿಣದ ವಸ್ತುಗಳು ಸಾಲವು, ಚಿತ್ರಗಳು ಬೇಕು.

ಆ ಚಿತ್ರಗಳು ಇಲ್ಲವೆಂದಲ್ಲ. ಹುಬ್ಬಳ್ಳಿ, ಅರಸೀಕೆರೆ, ಮೈಸೂರುಗಳ ರೈಲ್ವೆ ಸಂಸಾರಗಳಲ್ಲಿ, ಟ್ರಂಕಿನ ತಳದಲ್ಲಿ, ನಿವೃತ್ತಿಯ ದಿನ ಹಾರ ಹಾಕಿಕೊಂಡು ಎಂಜಿನಿನ ಮುಂದೆ ನಿಂತ ಅಜ್ಜನ ಚಿತ್ರಗಳು ಖಂಡಿತ ಇರುತ್ತವೆ. ಎಂಜಿನಿನ ನಂಬರನ್ನು ಅದರ ಹಣೆಯ ಮೇಲೆಯೇ ಬರೆದಿರುತ್ತದೆ. ಯಾವನೋ ಹವ್ಯಾಸಿ ಇನ್ನು ನೂರು ವರ್ಷಕ್ಕಾದರೂ ಅದನ್ನು ಗುರುತಿಸಿಯಾನು. ಅಜ್ಜನ ಹೆಸರು ಗೊತ್ತಿರುವವರು ಮಾತ್ರ ಮನೆಯಲ್ಲಿ ಒಬ್ಬಿಬ್ಬರು. ಅವರು ಇರುವಾಗಲೇ ಆ ಚಿತ್ರದ ಬೆನ್ನಿಗೆ ಪೆನ್ಸಿಲಿನಲ್ಲಿ ಹೆಸರು, ಊರು, ಇಸವಿಗಳನ್ನು ಬರೆದಿಡುವುದು ಒಳ್ಳೆಯದು.